ಬಣವೆಯ ಮುಂದೆ ಕುಣಿದ ಹನ್ನೊಂದು ಹುಡುಗಿಯರು

ಇಂಗ್ಲಿಷರ ನಾಡಿನ ಸ್ಟ್ಯಾನ್ಮೋರ್‌ನ ನಮ್ಮ ಬೀದಿಯಲ್ಲಿ ಒಬ್ಬರು ಇನ್ನೊಬ್ಬರನ್ನು ಚಹಾಕ್ಕೆ ಕರೆಯಬೇಕಾದರೆ ಹದಿನೈದು ದಿನ ಮೊದಲೇ ತಿಳಿಸಿ, ತಲೆಗೆರಡರಂತೆ ಬಿಸ್ಕತ್ತು ಜೋಡಿಸಿಟ್ಟು, ಹವಾಮಾನದ ವಿಷಯ ಮಾತನಾಡಿ ಕಳಿಸುವುದು ರೂಢಿ. ಹೀಗಿರುವಾಗ ಪಕ್ಕದ ಮನೆಯ ಡಂಕನ್, ಎಂಬತ್ತು ದಾಟಿದ ಸ್ಕಾಟ್ಲೆಂಡಿನವರು, ಒಂದು ಶನಿವಾರ ಬೆಳಿಗ್ಗೆ ಬಾಗಿಲು ತಟ್ಟಿ ಮಧ್ಯಾಹ್ನವೇ ಬನ್ನಿ ಎಂದಾಗ, ಏನೋ ಅನಾಹುತವಾಗಿದೆಯೆಂದೇ ಎಣಿಸಿದೆ. ಆಗಿದ್ದದ್ದು ಒಂದು ಸಿನಿಮಾ. ತಮ್ಮ ನಾಡಿನ ಕವಿಯೊಬ್ಬನ ಜೀವನದ ಮೇಲೆ ಬಹಳ ಹಿಂದೆ ತೆಗೆದ, ಹೆಜ್ಜೆಗೊಂದು ಹಾಡಿದ್ದ ಕಪ್ಪುಬಿಳುಪು ಚಿತ್ರದ ಡಿಸ್ಕನ್ನು ಅವರು ಎಲ್ಲಿಂದಲೋ ತರಿಸಿಕೊಂಡಿದ್ದರು. ಅದರಲ್ಲಿ ಕುಣಿದವರಲ್ಲಿ ಒಬ್ಬಳು ಅವರ ತಾಯಿಯಂತೆ. ಯುದ್ಧದಲ್ಲಿ ಬಾಂಬು ಬಿದ್ದು ತಾಯಿ ಹೋದಾಗ ಇವರಿನ್ನೂ ತೊಟ್ಟಿಲ ಕೂಸು. ಮನೆಯೊಂದಿಗೆ ಫೋಟೋಗಳೂ ಹೋದವು. ತಾಯಿಯ ಮುಖ ಹೇಗಿತ್ತೆಂದು ಗೊತ್ತಿಲ್ಲ, ಒಬ್ಬನೇ ನೋಡಲು ಧೈರ್ಯವಾಗುತ್ತಿಲ್ಲ ಎಂದರು, ಹವಾಮಾನ ಹೇಳುವ ದನಿಯಲ್ಲೇ.

ಧಾರವಾಡದಿಂದ ಬಂದು ನಮ್ಮಲ್ಲಿದ್ದ ಅವ್ವನೂ ನನ್ನ ಜೊತೆ ಹೊರಟಳು. ಇಂಗ್ಲಿಷ್ ಬಾರದ ಆಕೆಗೆ ಚಿತ್ರ ಅರ್ಥವಾಗಲು ಏನೂ ತೊಂದರೆಯಾಗಲಿಲ್ಲವೆಂದರೆ ನೀವು ನಂಬಬೇಕು. ಕವಿ ನೀಟಾಗಿ ತಲೆ ಬಾಚಿಕೊಂಡು ನೇಗಿಲು ಹೊಡೆಯುತ್ತ ಹಾಡಿದ. ಒಬ್ಬಳನ್ನು ಪ್ರೀತಿಸಿ ಹಾಡಿದ, ಇನ್ನೊಬ್ಬಳನ್ನು ಪ್ರೀತಿಸಿ ಅದಕ್ಕಿಂತ ಚೆನ್ನಾಗಿ ಹಾಡಿದ. ಆಮೇಲೆ ಸುಗ್ಗಿ ಬಂತು. ಹುಲ್ಲಿನ ಬಣವೆಯ ಮುಂದೆ ಹನ್ನೊಂದು ಹುಡುಗಿಯರು ಕುಣಿದು, ಅರೆ ನಿಮಿಷದಲ್ಲಿ ಮರೆಯಾದರು.

ಡಂಕನ್ ಅದನ್ನು ಆರು ಸಲ ಹಿಂದಕ್ಕೆ ತಿರುಗಿಸಿದರು. ಹನ್ನೊಂದು ಮುಖಗಳೂ ಅವರಿಗೆ ಸಮಾನವಾಗಿ ಅಪರಿಚಿತ. ಅವರು ಮತ್ತೆ ರಿಮೋಟ್ ಎತ್ತಿದಾಗ ನಾನು ಅವರ ಮುಖ ನೋಡದೆ ಕಾರ್ಪೆಟ್ಟಿನ ಹೂಗಳನ್ನು ನೋಡತೊಡಗಿದೆ. ಇಷ್ಟು ವರ್ಷ ಇಲ್ಲಿದ್ದು ಕಲಿತ ವಿದ್ಯೆ ಅದು.

ಅವ್ವನಿಗೆ ಆ ವಿದ್ಯೆಯಿಲ್ಲ. ನಮ್ಮ ಕಡೆ ಕೂಸು ಹುಟ್ಟಿದರೆ ಹೆಂಗಸರು ಸುತ್ತುಗಟ್ಟಿ, ಮೂಗು ತಾಯಿಯದು, ಕಿವಿ ಸೋದರಮಾವನದು ಎಂದು ಹಂಚಿ ಮುಗಿಸುವ ತನಕ ಜಾಗ ಬಿಟ್ಟು ಏಳುವುದಿಲ್ಲ. ಆಕೆ ಎದ್ದುಹೋಗಿ ಡಂಕನ್ನರ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ನಮ್ಮ ಬೀದಿಯಲ್ಲಿ ಯಾರೂ ಯಾರನ್ನೂ ಹಾಗೆ ಮುಟ್ಟಿದ್ದಿಲ್ಲ. ಚೆನ್ನಾಗಿ ನೋಡಿಯಾದ ಮೇಲೆ ಟಿವಿಯ ಹತ್ತಿರ ಹೋಗಿ ಎಡದಿಂದ ನಾಲ್ಕನೆಯವಳ ಮೇಲೆ ಬೆರಳಿಟ್ಟಳು.

“ಇಕಿ ನೋಡ್ರಿ ನಿಮ್ಮವ್ವ. ಹುಬ್ಬು, ಗದ್ದ ಎಲ್ಲಾ ಅಕೀವ ಬಂದಾವ ನಿಮಗ.”

ನಾನು ಅನುವಾದಿಸಿದೆ. ಡಂಕನ್ ಚಿತ್ರವನ್ನು ಅಲ್ಲಿಗೇ ನಿಲ್ಲಿಸಿದರು. ತಮ್ಮ ಗದ್ದವನ್ನು ಸವರಿಕೊಳ್ಳುತ್ತ, ಮೊಮ್ಮಗಳ ಪ್ರಾಯದ ಆ ಹುಡುಗಿಯನ್ನು ನೋಡುತ್ತ, ಸದ್ದಿಲ್ಲದೆ ಅತ್ತರು. ನನಗೂ ತಡೆಯಲಾಗಲಿಲ್ಲ. ಕವಿಯ ಉಳಿದ ಜೀವನ ಆ ದಿನ ಯಾರಿಗೂ ಬೇಕಾಗಲಿಲ್ಲ.

ಮನೆಗೆ ಬರುತ್ತ, ಅಷ್ಟು ಖಚಿತವಾಗಿ ಹೇಗೆ ಗುರುತು ಹಿಡಿದೆಯೆಂದು ಅವ್ವನನ್ನು ಕೇಳಿದೆ.

“ನನಗೇನ ಗೊತ್ತವಾ,” ಎಂದಳು. “ಎಲ್ಲಾರೂ ಒಂದ ಥರಾ ಕಂಡ್ರು. ಎಂಬತ್ತು ವರ್ಷ ಕಾಯ್ದಾರ ಅವರು. ಯಾರರ ಒಬ್ಬಾಕಿ ಆಗಬೇಕಿತ್ತಲ್ಲ.”