ಮಾಸ್ತಮ್ಮನ ಕಷಾಯ, ಕೆಂಪಪ್ಪನ ನಾಲಿಗೆ

ಶಿಕಾರಿಪುರದ ಕೆರೆ ಏರಿಯ ಮೇಲೆ ಬೆಳಿಗ್ಗೆ ನಡೆಯಲು ಬರುವವರಿಗೆಲ್ಲ ಮಾಸ್ತಮ್ಮನ ತಳ್ಳುಗಾಡಿ ಗೊತ್ತು. ಗಾಡಿಯ ಮೇಲೆ ಸಾಲಾಗಿ ಸ್ಟೀಲಿನ ಕ್ಯಾನುಗಳು. ಒಂದರಲ್ಲಿ ಕೊತ್ತಂಬರಿ, ಜೀರಿಗೆ ಹುರಿದು ಪುಡಿಮಾಡಿ ಕುದಿಸಿದ ಕಷಾಯ. ಒಂದರಲ್ಲಿ ಶುಂಠಿ ಜಜ್ಜಿ ಹಾಕಿ ಕುದಿಸಿದ, ನಿಂಬೆಯ ವಾಸನೆಯ ಮಜ್ಜಿಗೆಹುಲ್ಲು. ಒಂದರಲ್ಲಿ ಸೊಗದೆ ಬೇರು, ಇನ್ನೊಂದರಲ್ಲಿ ನಿಂಬೆ ಹಿಂಡಿದ ದಾಸವಾಳದ ಕೆಂಪು ನೀರು. ಸಕ್ಕರೆ ಕಾಯಿಲೆಯವರಿಗೆಂದು ಅಮೃತಬಳ್ಳಿ ಬೇರೆ. ಅದನ್ನು ಕುಡಿಯುವವರ ಮುಖ ನೋಡಿಯೇ ಹಿಂದೆ ನಿಂತವರು ಮಜ್ಜಿಗೆಹುಲ್ಲು ಕೇಳುತ್ತಾರೆ.

ಅವಳ ತವರು ಸೊರಬದ ಕಡೆ, ಕ್ಯಾಸನೂರಿನ ಕಾಡಿಗೆ ಒತ್ತಿಕೊಂಡ ಸಣ್ಣ ಊರು. ಆ ಮನೆಗೆ ಚಾ ಪುಡಿ ಬಂದದ್ದೇ ತಡವಾಗಿ. ಅಲ್ಲಿಯವರೆಗೆ ಮನೆಗೆ ಬಂದವರಿಗೆ ಹಿತ್ತಿಲಲ್ಲಿ ಏನಿದೆಯೋ ಅದರದೇ ಕಷಾಯ. ಅವ್ವ ಒಲೆಯ ಮುಂದೆ ಕೂತು ಕೊತ್ತಂಬರಿ ಹುರಿಯುವಾಗ ಹುಡುಗಿ ಮಾಸ್ತಮ್ಮ ಪಕ್ಕದಲ್ಲೇ ಇರುತ್ತಿದ್ದಳು. ಎಷ್ಟು ಹೊತ್ತು ಹುರಿಯಬೇಕು ಎಂದರೆ ಅವ್ವ ಹೇಳುತ್ತಿದ್ದುದು ಒಂದೇ ಮಾತು: "ಮೂಗಿಗೆ ಬಂತು ಅಂದ ಕೂಡ್ಲೆ ಇಳಿಸಾದು." ಅದಕ್ಕಿಂತ ಹೆಚ್ಚಿನ ಪಾಠ ಅವಳಿಗೆ ಯಾರೂ ಹೇಳಲಿಲ್ಲ. ಬೇಕಾಗಲೂ ಇಲ್ಲ. ಮದುವೆಯಾಗಿ ಶಿಕಾರಿಪುರಕ್ಕೆ ಬಂದಳು. ಮಗಳನ್ನು ಬೆಳೆಸಿ ಮದುವೆ ಮಾಡಿದಳು. ಏರಿಯ ಮೇಲೆ ನಡೆಯುವ ದಾರಿ ಆದಮೇಲೆ ಗಾಡಿ ಹಾಕಿದಳು. ಅಷ್ಟೂ ವರ್ಷ ಆ ಮೂಗೇ ಅವಳಿಗೆ ಗಡಿಯಾರವಾಗಿತ್ತು.

ಹೋದ ಮಳೆಗಾಲದಲ್ಲಿ ಬಂದ ಜ್ವರ ಬಿಟ್ಟು ಹೋಗುವಾಗ ವಾಸನೆಯನ್ನೂ ಒಯ್ದಿತು. ಮೊದಲು ಸೋಪು ವಾಸನೆ ಬರಲಿಲ್ಲ. ಆಮೇಲೆ ಇಂಗಿನ ಡಬ್ಬಿಗೆ ಮೂಗಿಟ್ಟರೂ ಏನಿಲ್ಲ. "ಬರಬಹುದು, ತಡ ಆಗಬಹುದು, ಹೇಳೋಕಾಗಲ್ಲ" ಎಂದರು ಡಾಕ್ಟರು. ಹುಳಿ, ಸಿಹಿ, ಕಹಿ ನಾಲಿಗೆಗೆ ತಿಳಿಯುತ್ತಿತ್ತು. ಅಷ್ಟರ ಮೇಲೆ ದಿನ ತಳ್ಳಬಹುದು ಎಂದುಕೊಂಡು ಅವಳು ಯಾರಿಗೂ ಹೇಳದೆ ಗಾಡಿ ಹೊರಡಿಸಿದಳು.

ಮೊದಲು ಬಾಯಿಬಿಟ್ಟವರು ನೀಲಾಂಬಿಕ ಟೀಚರ್. ನಿವೃತ್ತಿಯಾದಮೇಲೂ ಬೆತ್ತ ಹಿಡಿದವರಂತೆಯೇ ನಡೆಯುವ ಹೆಂಗಸು.

"ಇದೇನ್ರೀ ಮಾಸ್ತಮ್ಮ, ಕಷಾಯ ಕೊಟ್ರೋ, ಇದ್ದಲು ತೊಳೆದ ನೀರು ಕೊಟ್ರೋ?"

"ಹುರಿ ಒಂಚೂರು ಜಾಸ್ತಿ ಆತು ಟೀಚರ್ರೆ."

ಮರುದಿನ ಹೆದರಿ ಬೇಗ ಇಳಿಸಿದಳು. "ಇವತ್ತು ಹಸಿ" ಎಂದು ಟೀಚರ್ ಅರ್ಧ ಲೋಟ ಉಳಿಸಿದರು. ಹೋಗುವ ಮುನ್ನ ದನಿ ತಗ್ಗಿಸಿ, "ನಾನಾದ್ರೆ ಬೈದು ಕುಡೀತೀನಿ. ಉಳಿದೋರು ಬೈಯಲ್ಲ, ನಾಳೆಯಿಂದ ಆ ಕಡೆ ದಾರಿ ಹಿಡೀತಾರೆ ಅಷ್ಟೆ" ಎಂದರು. ಅಂದು ಅಮೃತಬಳ್ಳಿ ಕುಡಿಯುವವರು ಕೂಡ ಗಾಡಿ ನೋಡದ ಹಾಗೆ ಬಿರಬಿರನೆ ನಡೆದದ್ದನ್ನು ಮಾಸ್ತಮ್ಮ ಕಂಡಳು. ಗಾಡಿ ನಿಂತರೆ ನಿಲ್ಲಲಿ, ಮನೆ ನಡೆದೀತು. ಆದರೆ ಅವ್ವನಿಂದ ತನಗೆ ಬಂದದ್ದು ಅದೊಂದೇ ವಿದ್ಯೆ.

ಆ ಮಧ್ಯಾಹ್ನ ಗಂಡ ಕೆಂಪಪ್ಪನ ಮುಂದೆ ಎಲ್ಲ ಹೇಳಿಕೊಂಡು, ಒಂದು ಲೋಟ ಕಷಾಯ ಇಟ್ಟಳು. "ಇನ್ನು ಮೇಲೆ ನಿಮ್ಮ ಮೂಗೇ ನಂಗೆ. ಕುಡ್ದು ಹೇಳ್ರಿ, ಹೆಂಗೈತೆ?"

ಅಕ್ಕಿ ಗಿರಣಿಯಲ್ಲಿ ಯಂತ್ರ ನೋಡಿಕೊಂಡು ವಯಸ್ಸು ಕಳೆದ ಮನುಷ್ಯ ಕೆಂಪಪ್ಪ. ಚಾ ಬಿಟ್ಟು ಬೇರೇನೂ ಕುಡಿದವನಲ್ಲ. ಗುಟುಕರಿಸಿ ಹೇಳಿದ: "ಚಲೋ ಐತಿ."

ಮಜ್ಜಿಗೆಹುಲ್ಲು ಕೊಟ್ಟಳು. ಅದೂ ಚಲೋ ಇತ್ತು. ಮದುವೆಯಾದಂದಿನಿಂದ ಅವನು ಊಟಕ್ಕೆ ಕೊಟ್ಟ ಉತ್ತರವೇ ಅದು. ಉಪ್ಪು ಮರೆತ ಸಾರು, ಸೀದ ಅನ್ನ, ಯಾವುದಕ್ಕೂ ಅವನು ಕೊಂಕು ತೆಗೆದಿರಲಿಲ್ಲ. ಓಣಿಯ ಹೆಂಗಸರು, "ನಿನ್ನ ಗಂಡನಂಥೋನು ಸಿಗಬೇಕು ಕಣೇ" ಎನ್ನುವಾಗ ಮಾಸ್ತಮ್ಮನಿಗೆ ಒಳಗೊಳಗೆ ಹೆಮ್ಮೆ. ಈಗ ಅದೇ ಮುಳ್ಳಾಯಿತು. ಮಾರನೆಯ ದಿನ ಕೊತ್ತಂಬರಿಯನ್ನು ಬೇಕೆಂದೇ ಕರ್ರಗೆ ಹುರಿದು, ಕುದಿಸಿ ತಂದಿಟ್ಟಳು.

"ಚಲೋ ಐತಿ" ಎಂದ ಕೆಂಪಪ್ಪ.

"ಎಂತ ಚಲೋ? ಇದ್ದಲು ಮಾಡಿ ಕೊಟ್ಟೀನಿ! ನಂಗೆ ಮೂಗಿಲ್ಲ, ನೀವೂ ಸುಳ್ಳು ಹೇಳಿದ್ರೆ ನಾ ಯಾರನ್ನ ನಂಬಾದು?"

ಅವಳ ಕಣ್ಣಲ್ಲಿ ನೀರು ಕಂಡು ಕೆಂಪಪ್ಪ ಲೋಟ ಕೆಳಗಿಟ್ಟ. ಇಷ್ಟು ವರ್ಷ ಹೇಳದ ಮಾತು ಹೇಳಿದ. ಅವನು ಚಿಕ್ಕವನಿದ್ದಾಗ ಅಪ್ಪ ಒಂದು ದಿನ ಸಾರು ಚೆನ್ನಾಗಿಲ್ಲವೆಂದು ತಟ್ಟೆ ಎತ್ತಿ ಅಂಗಳಕ್ಕೆ ಎಸೆದಿದ್ದ. ಅವ್ವ ಚೆಲ್ಲಿದ ಅನ್ನ ಬಳಿದಳು, ನೆಲ ಸಾರಿಸಿದಳು. ಅವತ್ತು ಅವಳು ಉಣ್ಣಲಿಲ್ಲ, ಮರುದಿನವೂ.

"ಅವತ್ತಿಂದ ನನ್ನ ಬಾಯಾಗ ಬರಂಗಿಲ್ಲ ಮಾಸ್ತಿ. ಚಲೋ ಇಲ್ಲ ಅನ್ನಾಕ ಹೋದ್ರ ಅವ್ವನ ಮಾರಿ ಕಾಣ್ತೈತಿ."

ಮಾಸ್ತಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಅಂದಳು: "ಹಂಗಾರೆ ಚಲೋ, ಕೆಟ್ಟದು ಎರಡೂ ಬ್ಯಾಡ. ಇದು ಕುಡಿದ್ರೆ ಎಂತ ನೆನಪಾಗ್ತೈತೆ, ಅದನ್ನ ಹೇಳ್ರಿ. ಉಳಿದದ್ದು ನಂಗೆ ಬಿಡ್ರಿ."

ಹೀಗೆ ಶುರುವಾಯಿತು. ಊಟವಾದಮೇಲೆ ಲೋಟಗಳ ಸಾಲು, ಎದುರಿಗೆ ಕಣ್ಣು ಮುಚ್ಚಿದ ಕೆಂಪಪ್ಪ. ಮಜ್ಜಿಗೆಹುಲ್ಲು ಕುಡಿದು, "ನಿನ್ನ ನೋಡಾಕ ಬಂದಾಗ ಹೊಸಬಾಳೆ ಹತ್ರ ಬಸ್ಸು ಕೆಟ್ಟಿತ್ತಲ್ಲ, ರಸ್ತೆ ಬದಿ ಹುಲ್ಲಿನ ಮ್ಯಾಲೆ ಕುಂತಿದ್ವಿ. ಆ ಹುಲ್ಲು ಇದಲ್ಲ. ಆದ್ರ ಬಿಸಿಲು ಅದೇ" ಎಂದ.

ಅಂದು ತವರಿನ ಕಿಟಕಿಯಲ್ಲಿ ನಿಂತು, ಬರಬೇಕಾದವರು ಬರಲಿಲ್ಲವೆಂದು ಬೇಸರವೋ ಸಮಾಧಾನವೋ ತಿಳಿಯದೆ ಕಾದದ್ದು ಮಾಸ್ತಮ್ಮನಿಗೆ ನೆನಪಾಯಿತು. "ಸರಿ ಐತೆ" ಎಂದು ಮುಂದಿನ ಲೋಟ ಕೊಟ್ಟಳು.

ಸೊಗದೆ ಬೇರಿಗೆ ಅವನ ಅವ್ವನ ಸೀರೆ ಪೆಟ್ಟಿಗೆ ನೆನಪಿಗೆ ಬಂತು. ದಾಸವಾಳಕ್ಕೆ ಬಹಳ ಯೋಚಿಸಿ, "ಏನೂ ನೆನಪಾಗವಲ್ದು" ಎಂದ.

"ನಿಂಬೆ ಇನ್ನೂ ಹಿಂಡಿಲ್ಲ, ಅದಕ್ಕೆ ವಾಸನೆನೇ ಇಲ್ಲ. ಅದೂ ಸರಿನೇ."

ಅಮೃತಬಳ್ಳಿಗೆ ಮುಖ ಕಿವುಚಿದ. "ನಿನ್ನ ದೊಡ್ಡಣ್ಣ ನೆನಪಾದ."

"ಅವನೆಂತಕ್ಕೆ?"

"ಮದುವ್ಯಾಗ ಒಮ್ಮೆನೂ ನನ್ನ ಮಾರಿ ನೋಡಿ ಮಾತಾಡ್ಲಿಲ್ಲ ಅಂವ!"

ಕೊತ್ತಂಬರಿ ಕಷಾಯವೇ ಕಷ್ಟವಾದದ್ದು. ಒಂದು ಹುರಿಗೆ, ಗಿರಣಿಗೆ ಹಸಿ ಭತ್ತ ಬಂದ ದಿನ ಎಂದ, ಇನ್ನಷ್ಟು ಹುರಿದಳು. ಯಂತ್ರದ ಬೆಲ್ಟು ಬಿಸಿಯಾದಂತೆ ಎಂದ, ಚೆಲ್ಲಿದಳು. ಕಡೆಗೆ ಒಲೆಯ ಪಕ್ಕದಲ್ಲೇ ಅವನನ್ನು ಕೂರಿಸಿಕೊಂಡಳು. ಬಾಣಲೆಯಿಂದ ಹೊಗೆಯಲ್ಲದ ಹೊಗೆ ಏಳುವಾಗ ಅವನ ಮುಖ ಸಡಿಲಾಯಿತು. "ಜ್ವರ ಬಂದು ಮಲಗಿದಾಗ ಅವ್ವ ಹಣೆ ಮುಟ್ಟಿ ನೋಡ್ತಿದ್ಲು" ಎಂದ. ಅವಳು ತಟಕ್ಕನೆ ಬಾಣಲೆ ಇಳಿಸಿದಳು.

"ಹಾಂ, ಈಗ ಹಾದಿಗೆ ಬಂದ್ರಿ" ಎಂದರು ನೀಲಾಂಬಿಕ ಟೀಚರ್, ಲೋಟ ಖಾಲಿ ಮಾಡಿ. ಆ ಕಡೆ ದಾರಿ ಹಿಡಿದವರು ಒಬ್ಬೊಬ್ಬರಾಗಿ ಈ ಕಡೆ ತಿರುಗಿದರು.

ಬೇಸಗೆಯ ಬಿಸಿಲು ಏರಿದಾಗ ಟೀಚರೇ ಕೇಳಿದರು, "ಹಣ್ಣಿಂದು ಏನಾದ್ರೂ ಮಾಡ್ರಿ, ಒಳಗೆ ತಂಪಾಗಲಿ." ಮಾಸ್ತಮ್ಮ ಅಟ್ಟದ ಮೇಲಿಂದ ಒಂದು ಭರಣಿ ಇಳಿಸಿದಳು. ಮುರುಗಲ ಹಣ್ಣಿನ, ಅಂದರೆ ಪುನರ್ಪುಳಿಯ, ಒಣಸಿಪ್ಪೆ. ತವರಿನ ಅವ್ವ ತೀರಿಕೊಳ್ಳುವ ಮುಂಚಿನ ಬೇಸಗೆಯಲ್ಲಿ ತನ್ನ ಕೈಯಾರೆ ಬಿಡಿಸಿ, ಒಣಗಿಸಿ, ಮಗಳ ಕೈಚೀಲಕ್ಕೆ ತುಂಬಿದ್ದು. ಖರ್ಚಾದೀತೆಂದು ಮಾಸ್ತಮ್ಮ ಅದನ್ನು ಮುಟ್ಟಿರಲಿಲ್ಲ. ಈಗ ನೆನೆಸಿದಳು, ಕುದಿಸಿದಳು, ಬೆಲ್ಲ, ಜೀರಿಗೆ, ಚಿಟಿಕೆ ಉಪ್ಪು ಹಾಕಿದಳು. ಬಣ್ಣ ಅದೇ ಬಣ್ಣ. ಹುಳಿ, ಸಿಹಿ ಎರಡೂ ಹದವೆಂದು ಅವಳ ನಾಲಿಗೆ ಹೇಳಿತು. ನಾಳೆ ಏರಿಯ ಮೇಲೆ ಎಲ್ಲರೂ ಅವ್ವನ ಮುರುಗಲ ನೀರು ಕುಡಿಯುತ್ತಾರೆ.

ಕೆಂಪಪ್ಪ ಒಂದು ಗುಟುಕು ಕುಡಿದ. ಕಣ್ಣು ಮುಚ್ಚಲಿಲ್ಲ. ಹೆಂಡತಿ ಮುಂದಕ್ಕೆ ಬಾಗಿ ಕೂತಿದ್ದಳು. ಅವಳ ತವರಿನ ಜಗಲಿ, ಅತ್ತೆ ಹಾಸುತ್ತಿದ್ದ ಚಾಪೆ, ಯಾವುದನ್ನು ಹೇಳಿದ್ದರೂ ಮಾಸ್ತಮ್ಮ ನಂಬುತ್ತಿದ್ದಳು.

"ಯಾವ ಊರು ನೆನಪಾತು?"

"ಮಾಸ್ತಿ," ಎಂದ. "ಇದು ಚಲೋ ಇಲ್ಲ. ಬೂಷ್ಟು ಹಿಡದೈತಿ. ಯಾರಿಗೂ ಕೊಡಬ್ಯಾಡ."

ಅವಳು ಭರಣಿಯ ಬಾಯಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. ತಳದ ಸಿಪ್ಪೆಗಳ ಮೇಲೆ ತೆಳ್ಳನೆಯ ಬಿಳಿ ನವಿರು. ಹಿತ್ತಿಲಿಗೆ ಹೋಗಿ ಸುರಿದು, ಭರಣಿ ತೊಳೆದು ಬೋರಲು ಹಾಕಿ, ಅಲ್ಲೇ ಕಲ್ಲಿನ ಮೇಲೆ ಕೂತಳು. ಕೆಂಪಪ್ಪ ಬಾಗಿಲಲ್ಲಿ ಬಂದು ನಿಂತ.

"ಉಣ್ತೀ ಅಲ್ಲ?"

"ಉಣ್ಣದೆ ಎಂತ? ಹಸಿವಾಗೈತೆ." ತಿರುಗಿ ನೋಡಿದಳು. "ಇಷ್ಟು ವರ್ಷದಾಗೆ ಇನ್ನೂ ಎಂತೆಂತ ಮುಚ್ಚಿಟ್ಟೀರಿ? ಹೇಳ್ರಿ ಈಗ."

"ಬಾಳೆಕಾಯಿ ಪಲ್ಯ," ಎಂದ ಕೆಂಪಪ್ಪ, ಹೊಸಿಲು ದಾಟದೆ. "ನಂಗ ಸೇರಂಗಿಲ್ಲ."

"ಅಯ್ಯೋ ನಿಮ್ಮ! ವಾರಕ್ಕೊಮ್ಮೆ ಮಾಡ್ತೀನಲ್ರೀ!"

"ಅದಕ್ಕ ಹೇಳಿದ್ದು."

ಆ ವಾರ ಇಬ್ಬರೂ ಸೊರಬದ ಬಸ್ಸು ಹತ್ತಿದರು. ಸಂತೆಯಲ್ಲಿ ಮುರುಗಲ ಸಿಪ್ಪೆ ಮಾರುವವನು ಒಂದು ಹಿಡಿ ತೆಗೆದು ಮಾಸ್ತಮ್ಮನ ಮುಂದೆ ಹಿಡಿದ. ಅವಳು ಅದನ್ನು ಗಂಡನ ಕಡೆ ತಿರುಗಿಸಿದಳು. ಕೆಂಪಪ್ಪ ಮೂಗಿನ ಹತ್ತಿರ ತಂದ, ಇನ್ನೊಮ್ಮೆ ತಂದ, ಸಂತೆಯ ಗದ್ದಲದಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ಇದು ಬ್ಯಾಡ್ರಿ. ಆ ಕಡೆ ಚೀಲ ಬಿಚ್ರಿ."