ನೆಟ್ಟಗಾದ ಗರಗಸ

ಪೊಲೀಸ್ ಆ್ಯಕ್ಷನ್ ಮುಗಿದು ಎರಡು ವರ್ಷವಾಗಿತ್ತು. ಉದಗೀರದ ನಮ್ಮ ಹೊಸ ಮನೆಗೆ ಮರುದಿನ, ಸೋಮವಾರ, ಬಾಗಿಲ ಚೌಕಟ್ಟು ನಿಲ್ಲಿಸಬೇಕಿತ್ತು. ಬೇವಿನ ದಿಮ್ಮಿಯಿಂದ ಹೊಸ್ತಿಲು ಕೊಯ್ಯುವುದೊಂದೇ ಬಾಕಿ. ಬಡಿಗ ಊಟಕ್ಕೆ ಹೋದಾಗ ಅವನ ಗರಗಸ ನೋಡಿದೆ. ಹಲ್ಲುಗಳು ಒಂದು ಎಡಕ್ಕೆ, ಒಂದು ಬಲಕ್ಕೆ ಬಾಗಿದ್ದವು. ನಮ್ಮ ದಿಮ್ಮಿಯಿಂದಲೇ ಕೆಟ್ಟಿತೆಂದು ಹೆದರಿ, ಸುತ್ತಿಗೆಯಿಂದ ಎಲ್ಲವನ್ನೂ ನೆಟ್ಟಗೆ ಮಾಡಿ, ಅರದಿಂದ ಉಜ್ಜಿ ಹೊಳೆಯಿಸಿದೆ.

ಬಡಿಗ ಬಂದು ಎಳೆದ. ಗರಗಸ ನಾಲ್ಕು ಬೆರಳು ಇಳಿದು ದಿಮ್ಮಿಯಲ್ಲೇ ಸಿಕ್ಕಿಕೊಂಡಿತು.

“ಯಾರ್ರೀ ಇದರ ಹಲ್ಲು ಬಡದವ್ರು?”

“ನಾನs. ಸೊಟ್ಟ ಆಗಿದ್ವು.”

“ಸಾವ್ಕಾರ್ರ, ನಾನೇ ಸೊಟ್ಟ ಮಾಡಿರ್ತೀನ್ರೀ. ಹಲ್ಲು ಸೊಟ್ಟ ಇದ್ದು ಸೀಳು ಅಗಲ ಆದ್ರ ಗರಗಸ ಆಡ್ತದ, ಇಲ್ಲಾಂದ್ರ ಕಟಗಿ ಹಿಡ್ಕೋತದ. ನಿಮ್ಮ ಅಂಗಡಿ ತಕ್ಕಡಿ ನಾ ರಿಪೇರಿ ಮಾಡ್ಲೇನು?”

ಅವನು ಸಂಜೆಯವರೆಗೆ ಒಂದೊಂದೇ ಹಲ್ಲು ಬಾಗಿಸಿದ. ಪ್ರಾಯಶ್ಚಿತ್ತವೆಂದು ನಾನು “ಎಡ, ಬಲ” ಎಂದು ಕೂಗುತ್ತಿದ್ದೆ. ನಡುವೆ ಗೊಂದಲವಾಗಿ ಎರಡು ಸಲ “ಎಡ” ಎಂದೆ.

“ನೀವು ಅಂಗಡಿಗೆ ಹೋಗ್ರೀ, ಅಂದ್ರ ಹೊಸ್ತಿಲ ಆಗ್ತದ.”

ಹೊಸ್ತಿಲು ಆಯಿತು, ಚೌಕಟ್ಟೂ ನಿಂತಿತು. ಸೊಟ್ಟ ಹಲ್ಲು ಅಷ್ಟು ನೆಟ್ಟಗೆ ಹೇಗೆ ಕೊಯ್ದಿತೋ, ಹೊಸ್ತಿಲು ದಾಟುವಾಗಲೆಲ್ಲ ಯೋಚಿಸುತ್ತೇನೆ, ಇನ್ನೂ ತಿಳಿದಿಲ್ಲ.