ಹನ್ನೊಂದು ಹಲ್ಲಿನ ಗಿಯರ್

ಎಲ್ಲರೂ ಅವರನ್ನು ಥೂ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಕಾರ್ಖಾನೆಯಲ್ಲಿ ಮೂವತ್ತು ವರ್ಷ ಹುಡುಗರಿಗೆ ಗಿಯರ್ ಕತ್ತರಿಸುವುದನ್ನು ಕಲಿಸಿ ನಿವೃತ್ತರಾದವರು, ಈಗ ಮಾಡೆಲ್ ಹೆಲಿಕಾಪ್ಟರ್ ಕ್ಲಬ್ಬಿನ ಪರೀಕ್ಷಕರು. ಅವರ ಸಹಿ ಬೀಳದೆ ಸ್ಪರ್ಧೆಯಲ್ಲಿ ಯಾರೂ ಎಂಜಿನ್ ಚಾಲೂ ಮಾಡುವಂತಿರಲಿಲ್ಲ. ಚಹಾ ಆರಿದರೂ ಥೂ, ಮಳೆ ಬಂದರೂ ಥೂ. ಕ್ಲಬ್ಬಿನ ಜನರನ್ನು ಕಂಡರಂತೂ ಅವರಿಗೆ ಮೈಯೆಲ್ಲ ಉರಿ. ಹೆಲಿಕಾಪ್ಟರ್ ಮೇಲೇಳದಿದ್ದರೆ ಈ ಜನ ಎಂಜಿನ್ನನ್ನು ಬಯ್ಯುತ್ತಾರೆ, ಇಂಧನವನ್ನು ಬಯ್ಯುತ್ತಾರೆ, ಗಿಯರಿನ ಹಲ್ಲು ಎಣಿಸುವವನು ಒಬ್ಬನಿಲ್ಲ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಆ ಭಾನುವಾರ ಸ್ಪರ್ಧೆಯ ಮೈದಾನದಲ್ಲಿ ಅಳಿಯ ತನ್ನ ಹೆಲಿಕಾಪ್ಟರನ್ನು ಮೇಜಿನ ಮೇಲಿಟ್ಟ. ಮೇಷ್ಟ್ರು ಎಂಜಿನ್ನಿನ ಸಣ್ಣ ಗಿಯರಿಗೆ ಸೀಮೆಸುಣ್ಣದ ಗುರುತು ಹಾಕಿ ಎಣಿಸಿದರು. ಹನ್ನೊಂದು.

"ಹತ್ತು ಇರ್ಬೇಕಿತ್ತಲ್ಲಯ್ಯಾ?"

"ಬದಲಾಯಿಸಿದೆ ಮಾವ. ಹನ್ನೊಂದಕ್ಕೆ ಸ್ಪೀಡು ಜಾಸ್ತಿ. ಸದ್ದು ಕೇಳಿ, ರೋಮಾಂಚನ ಆಗುತ್ತೆ!"

"ಥೂ! ದೊಡ್ಡ ಗಿಯರಿಗೆ ತೊಂಬತ್ತು ಹಲ್ಲು. ಎಂಜಿನ್ ನಿಮಿಷಕ್ಕೆ ಹದಿನಾರು ಸಾವಿರ ಸುತ್ತು ತಿರುಗಿದ್ರೆ ಹತ್ತರ ಗಿಯರಲ್ಲಿ ರೆಕ್ಕೆ ಸಾವಿರದ ಎಂಟುನೂರರ ಒಳಗೇ ಇರುತ್ತೆ. ಹನ್ನೊಂದಕ್ಕೆ ಸಾವಿರದ ಒಂಬೈನೂರು ದಾಟುತ್ತೆ. ರೆಕ್ಕೆ ಮೇಲೆ ಸಾವಿರದ ಎಂಟುನೂರು ದಾಟ್ಬಾರ್ದು ಅಂತ ಅಚ್ಚು ಹಾಕಿದಾರೆ, ಓದೋಕ್ಕೆ ಬರಲ್ವಾ?"

ಹಳೆಯ ಗಿಯರ್ ಹಾಕಲು ಅರ್ಧ ಗಂಟೆ ಬೇಕು. ಅಷ್ಟರಲ್ಲಿ ಅಳಿಯನ ಸರದಿ ಕೂಗಿದರು. ಆಗಷ್ಟೇ ಬಂದ ಮಗಳು ಅಪ್ಪನ ಗಂಟುಮುಖ ನೋಡಿ ನಕ್ಕಳು.

"ಶುರುವಾಯ್ತಾ ನಿನ್ನ ಥೂ? ಬಯ್ಯೋದು ಆಮೇಲೆ ಬಯ್ಯಿ, ಈಗ ಸಹಿ ಹಾಕಪ್ಪ."

ಮನೆಯಲ್ಲಿ ಮತ್ತೆ ರಂಪ ಯಾಕೆ ಎಂದುಕೊಂಡು ಮೇಷ್ಟ್ರು ಸಹಿ ಹಾಕಿದರು. ಹಾಕುವಾಗಲೇ ಅಳಿಯನಿಗಿಂತ ತಮ್ಮ ಮೇಲೆಯೇ ಅವರಿಗೆ ಹೇಸಿಗೆಯಾಯಿತು.

ಎತ್ತರಕ್ಕೆ ಹೋದ ಹೆಲಿಕಾಪ್ಟರ್ ಕೆಳಕ್ಕೆ ಧುಮುಕುವಾಗ ರೆಕ್ಕೆ ಇನ್ನೂ ಜೋರಾಗಿ ತಿರುಗಿತು. ನೆಲದಿಂದ ಆಳೆತ್ತರದಲ್ಲಿದ್ದಾಗ ಬುಡದಿಂದ ಕಿತ್ತು ಬಂದ ರೆಕ್ಕೆ, ಗಂಡನ ಪಕ್ಕದಲ್ಲಿ ನಿಂತಿದ್ದ ಮಗಳ ಮಣಿಕಟ್ಟಿಗೆ ಬಡಿಯಿತು. ಮೂಳೆ ಮುರಿಯಿತು.

ಸಂಜೆ ಆಸ್ಪತ್ರೆಯ ಬೆಂಚಿನ ಮೇಲೆ ಕ್ಲಬ್ಬಿನ ಕಾರ್ಯದರ್ಶಿ ಅಪಘಾತದ ವರದಿ ಹಿಡಿದು ಕೂತಿದ್ದ. ಕಾರಣ ಎಂಬಲ್ಲಿ ಆಗಲೇ 'ಎಂಜಿನ್ ದೋಷ' ಎಂದು ಬರೆದಿದ್ದ.

"ಒಂದು ಸಹಿ ಹಾಕಿಬಿಡಿ ಮೇಷ್ಟ್ರೇ, ಎಲ್ಲರಿಗೂ ಒಳ್ಳೇದು."

ಅಳಿಯ ನೆಲ ನೋಡುತ್ತಿದ್ದ. ಥೂ, ಈ ಮುಸುಡಿಗಳು ಎಂದುಕೊಂಡು ಮೇಷ್ಟ್ರು ಪೆನ್ನು ಕಿತ್ತುಕೊಂಡರು. ಆ ಸಾಲನ್ನು ಹೊಡೆದು ಹಾಕಿ ಬರೆದರು: 'ಗಿಯರ್ ತಪ್ಪು. ಪರೀಕ್ಷಕನಿಗೆ ಮೊದಲೇ ಗೊತ್ತಿತ್ತು.'

ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದ ಮಗಳು ಅದನ್ನು ಓದಿದಳು. ಎರಡು ಸಲ ಓದಿದಳು.

"ಗೊತ್ತಿತ್ತಾ? ಅಪ್ಪಾ, ನೀನು ಸಹಿ ಹಾಕಿದೀಯ ಅಂತ ತಾನೆ ನಾನು ಅಷ್ಟು ಹತ್ರ ನಿಂತಿದ್ದು?"